ತೋಪು ಕಡಿದರೂ ಬೋರಿಗೆ ನೀರು ಏಕೆ ಏರಲಿಲ್ಲ? ನೀಲಗಿರಿ ಕುಡಿಯುವ ನೀರನ್ನು ಅಳೆಯುವ ಬಗೆ

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ದೊಡ್ಡಪ್ಪನ ಮಗ ಜಗಲಿ ಮೇಲೆ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದ. ಬಾಣಾವರದಿಂದ ಆಚೆ, ಕಡೂರು ಗಡಿಗೆ ಹತ್ತಿರದಲ್ಲಿ ಅವನಿಗೆ ಮೂರು ಎಕರೆ ಖುಷ್ಕಿ ಇದೆ. ಇಪ್ಪತ್ತು ವರ್ಷ ಅಲ್ಲಿ ನೀಲಗಿರಿ ತೋಪು ಇತ್ತು. ಮರ ಕಡಿಸಿ, ಜೆಸಿಬಿ ತರಿಸಿ ಬುಡ ಕೀಳಿಸಿ, ಈಗ ರಾಗಿ ಹಾಕುತ್ತಿದ್ದಾನೆ.

"ತೋಪು ಕಡಿಸಿ ಎರಡು ಮಳೆಗಾಲ ಆಯ್ತಲ್ಲೋ. ಬೋರಲ್ಲಿ ಅರ್ಧ ಇಂಚೂ ನೀರು ಜಾಸ್ತಿ ಆಗ್ಲಿಲ್ಲ. ಹಂಗಾದ್ರೆ ನೀಲಗಿರಿ ನೀರು ಕುಡೀತದೆ ಅನ್ನೋದೆಲ್ಲ ಸುಳ್ಳಾ?"

ಅರಸೀಕೆರೆ, ಕಡೂರು ಸೀಮೆಯಲ್ಲಿ ಈಗ ಬಹಳ ಜನ ಕೇಳುವ ಪ್ರಶ್ನೆ ಇದು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಹಳೆಯ ತೋಪುಗಳನ್ನು ತೆಗೆದು ರಾಗಿಗೋ ತೆಂಗಿಗೋ ಮರಳಿದವರು ಹಲವರು. ಜಗಳವಂತೂ ಅದಕ್ಕಿಂತ ಹಳೆಯದು. 1983ರಲ್ಲೇ ಪಕ್ಕದ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದ್ದರು. ಮರ ನೀರು ಕುಡಿಯುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಎಷ್ಟು ಕುಡಿಯುತ್ತದೆ, ಯಾವ ನೀರನ್ನು ಕುಡಿಯುತ್ತದೆ, ಅದನ್ನು ಅಳೆದವರು ಹೇಗೆ ಅಳೆದರು ಎಂಬುದು ತಿಳಿದರೆ ಅಣ್ಣನ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಮೊದಲು ಅಳತೆಗೋಲು: ಒಂದು ಮಿಲಿಮೀಟರ್ ಅಂದರೆ ಒಂದು ಟ್ಯಾಂಕರ್

ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಮರದ ದಾಹವನ್ನು ಲೀಟರಿನಲ್ಲಿ. ಎರಡೂ ಒಂದೇ ಭಾಷೆಗೆ ಬರುವ ತನಕ ಲೆಕ್ಕ ಕೂಡುವುದಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್. ಎಕರೆಗೆ 4,047 ಚದರ ಮೀಟರ್. ಅಲ್ಲಿಗೆ ಎಕರೆ ಮೇಲೆ 1 ಮಿ.ಮೀ. ಮಳೆ ಎಂದರೆ ಸುಮಾರು ನಾಲ್ಕು ಸಾವಿರ ಲೀಟರ್, ಬೇಸಿಗೆಯಲ್ಲಿ ಊರಿಗೆ ಬರುವ ಒಂದು ಸಣ್ಣ ಟ್ಯಾಂಕರ್ ನೀರು.

ನಮ್ಮ ಬಯಲುಸೀಮೆ ಭಾಗಕ್ಕೆ ವರ್ಷಕ್ಕೆ ಸುಮಾರು 600ರಿಂದ 700 ಮಿ.ಮೀ. ಮಳೆ. ಎಕರೆಗೆ ಆರೇಳುನೂರು ಟ್ಯಾಂಕರ್ ಎಂದುಕೊಳ್ಳಿ. ಅದೇ ಹಾಸನ ಜಿಲ್ಲೆಯ ಸಕಲೇಶಪುರದಲ್ಲಿ ಎರಡು ಸಾವಿರ ಟ್ಯಾಂಕರಿಗೂ ಮೀರಿ ಸುರಿಯುತ್ತದೆ. ಹಾಗಾಗಿ ಮಲೆನಾಡಿನಲ್ಲಿ ಯಾರಿಗೂ ತೊಂದರೆ ಕೊಡದ ಮರ ಬಯಲುಸೀಮೆಯಲ್ಲಿ ಜಗಳಕ್ಕೆ ಕಾರಣವಾಗಬಹುದು. ಮರದ ಗುಣ ಒಂದೇ, ಬರುವ ಆದಾಯ ಬೇರೆ.

ಬೇರಿನಿಂದ ಎಲೆಗೆ

ಬೇರು ಎಳೆದ ನೀರಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಮರದೊಳಗೆ ಉಳಿಯುವುದೇ ಇಲ್ಲ, ಎಲೆಯಿಂದ ಆವಿಯಾಗಿ ಹೋಗುತ್ತದೆ. ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ, ಪತ್ರರಂಧ್ರ ಎನ್ನುತ್ತಾರೆ. ಮರ ಆಹಾರ ತಯಾರಿಸಲು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳಬೇಕಾದರೆ ಈ ಬಾಯಿಗಳನ್ನು ತೆರೆಯಲೇಬೇಕು. ತೆರೆದಾಗ ಒಳಗಿನ ತೇವ ಹೊರಗೆ ಹೋಗುತ್ತದೆ. ಕಿಟಕಿ ತೆಗೆದರೆ ಗಾಳಿ ಬರುತ್ತದೆ, ಒಲೆಯ ಕಾವು ಹೋಗುತ್ತದೆ, ಹಾಗೆ. ಹೀಗೆ ಹೋಗುವ ನೀರಿಗೆ ಬಾಷ್ಪವಿಸರ್ಜನೆ ಎಂದು ಹೆಸರು. ನಾವು 'ಕುಡಿಯುತ್ತದೆ' ಎನ್ನುವುದು ಇದನ್ನೇ. ಬೇಗ ಬೆಳೆಯುವ ಮರ ಬಾಯಿಯನ್ನು ಹೆಚ್ಚು ಹೊತ್ತು ತೆರೆದಿರಬೇಕು, ಆರೇಳು ವರ್ಷಕ್ಕೆ ಕಡಿತಕ್ಕೆ ಬರುವ ಮರಕ್ಕೆ ಪುಕ್ಕಟೆಯಾಗಿ ಏನೂ ಬರುವುದಿಲ್ಲ.

ದಿನಕ್ಕೆ ನೂರು ಲೀಟರ್? ಬಿಸಿಲನ್ನು ಕೇಳೋಣ

ಒಂದು ನೀಲಗಿರಿ ಮರ ದಿನಕ್ಕೆ ಎಂಬತ್ತು ಲೀಟರ್ ಕುಡಿಯುತ್ತದೆ ಎಂದು ಒಬ್ಬರು, ನೂರು ಎಂದು ಇನ್ನೊಬ್ಬರು ಹೇಳುವುದನ್ನು ಚಹಾ ಅಂಗಡಿಯಲ್ಲಿ ಕೇಳಿರುತ್ತೀರಿ. ಯಾವ ಉಪಕರಣವೂ ಇಲ್ಲದೆ ಈ ಮಾತನ್ನು ಪರೀಕ್ಷಿಸಬಹುದು.

ನೀರು ತಾನಾಗಿ ಆವಿಯಾಗುವುದಿಲ್ಲ, ಶಕ್ತಿ ಬೇಕು. ಒಂದು ಲೀಟರ್ ನೀರು ಎಲೆಯಿಂದ ಆವಿಯಾಗಲು ಬೇಕಾದ ಶಕ್ತಿ ಸುಮಾರು 0.68 ಯೂನಿಟ್ ಕರೆಂಟಿಗೆ ಸಮ. ಈ ಶಕ್ತಿ ಮುಖ್ಯವಾಗಿ ಬಿಸಿಲಿನಿಂದ ಬರಬೇಕು. ಮೋಡವಿಲ್ಲದ ಬೇಸಿಗೆಯ ದಿನ ನಮ್ಮ ಕಡೆ ಒಂದು ಚದರ ಮೀಟರ್ ನೆಲಕ್ಕೆ ಇಡೀ ದಿನಕ್ಕೆ ಬೀಳುವ ಬಿಸಿಲು ಆರೇಳು ಯೂನಿಟ್. ಅದರಲ್ಲಿ ಒಂದಿಷ್ಟು ಎಲೆಗೆ ತಾಗಿ ಹಿಂದಿರುಗುತ್ತದೆ, ಇನ್ನೊಂದಿಷ್ಟು ಶಾಖವಾಗಿ ಆಕಾಶಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ಚದರ ಮೀಟರಿಗೆ ಐದಾರು ಲೀಟರ್ ಆವಿಯಾದರೆ ಅದೇ ದೊಡ್ಡದು.

ಎರಡು ಮೀಟರಿಗೊಂದರಂತೆ ಒತ್ತಾಗಿ ನೆಟ್ಟ ತೋಪಿನಲ್ಲಿ ಪ್ರತಿ ಮರದ ಪಾಲಿಗೆ ಬರುವುದು 4 ಚದರ ಮೀಟರ್. ಅದು ನೂರು ಲೀಟರ್ ಕುಡಿಯಬೇಕಾದರೆ ಚದರ ಮೀಟರಿಗೆ 25 ಲೀಟರ್ ಆವಿಯಾಗಬೇಕು, ಅದಕ್ಕೆ 17 ಯೂನಿಟ್ ಬೇಕು. ಸೂರ್ಯನ ಹತ್ತಿರ ಅಷ್ಟು ಇಲ್ಲ. ಅಂಥ ಒತ್ತು ತೋಪಿನಲ್ಲಿ ಮರಕ್ಕೆ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಲೀಟರಿನ ಹತ್ತಿರ ಮೇಲ್ಮಿತಿ ಬಂದುಬಿಡುತ್ತದೆ. ಅದೂ ಮಣ್ಣಿನಲ್ಲಿ ಬೇಕಾದಷ್ಟು ನೀರಿದ್ದರೆ. ಏಪ್ರಿಲ್ ಹೊತ್ತಿಗೆ ಮಣ್ಣು ಒಣಗಿ, ಮರ ತನ್ನ ಬಾಯಿ ಮುಚ್ಚಿಕೊಂಡು, ಇದರಲ್ಲಿ ಸಣ್ಣ ಪಾಲಿಗೆ ಇಳಿದಿರುತ್ತದೆ.

ಬದುವಿನ ಮೇಲೆ ಒಂಟಿಯಾಗಿ ನಿಂತ ದೊಡ್ಡ ಮರದ ಕಥೆ ಬೇರೆ. ಅದಕ್ಕೆ ನಾಲ್ಕೂ ಕಡೆಯಿಂದ ಬಿಸಿಲು, ಸುತ್ತಲ ಹೊಲದ ಬಿಸಿಗಾಳಿ. ಅದು ನೂರು ಲೀಟರ್ ದಾಟಿದರೂ ಆಶ್ಚರ್ಯವಿಲ್ಲ. ತಪ್ಪಾಗುವುದು ಒಂಟಿ ಮರದ ಅಂಕಿಯನ್ನು ಎಕರೆಯ ಸಾವಿರ ಮರಗಳಿಗೆ ಗುಣಿಸಿದಾಗ. ನಿಜ ಹೇಳಬೇಕೆಂದರೆ 'ಒಂದು ಮರ ದಿನಕ್ಕೆ ಎಷ್ಟು ಲೀಟರ್' ಎಂಬ ಪ್ರಶ್ನೆಯೇ ಅಷ್ಟು ಉಪಯೋಗದ್ದಲ್ಲ. ಎಕರೆಗೆ ವರ್ಷಕ್ಕೆ ಎಷ್ಟು ಟ್ಯಾಂಕರ್ ಎಂದು ಕೇಳಿದರೆ ಮಳೆಯ ಪಕ್ಕದಲ್ಲಿಟ್ಟು ನೋಡಬಹುದು.

ಕಾಂಡಕ್ಕೆ ಎರಡು ಸೂಜಿ

ಈಗ ನಿಜವಾದ ಅಳತೆಗೆ ಬರೋಣ. ಹೆಚ್ಚು ಬಳಕೆಯಲ್ಲಿರುವುದು ಫ್ರಾನ್ಸಿನ ಆಂಡ್ರೆ ಗ್ರಾನಿಯೆ 1985ರಲ್ಲಿ ರೂಪಿಸಿದ ವಿಧಾನ. ಎದೆಯೆತ್ತರದಲ್ಲಿ ಕಾಂಡಕ್ಕೆ ಒಂದರ ಮೇಲೊಂದು ಎರಡು ತೆಳು ಸೂಜಿ ಚುಚ್ಚುತ್ತಾರೆ. ಮೇಲಿನದಕ್ಕೆ ಬ್ಯಾಟರಿಯಿಂದ ಸತತವಾಗಿ ಕಾವು ಕೊಡುತ್ತಾರೆ, ಕೆಳಗಿನದನ್ನು ಹಾಗೇ ಬಿಡುತ್ತಾರೆ. ಎರಡರ ನಡುವಿನ ಉಷ್ಣಾಂಶದ ವ್ಯತ್ಯಾಸ ದಾಖಲಾಗುತ್ತಾ ಹೋಗುತ್ತದೆ.

ಒಲೆಯಿಂದ ತೆಗೆದ ಸೌಟನ್ನು ನಲ್ಲಿಯ ಕೆಳಗೆ ಹಿಡಿದರೆ ನೀರು ಜೋರಾಗಿ ಬಿದ್ದಷ್ಟೂ ಬೇಗ ತಣ್ಣಗಾಗುತ್ತದಲ್ಲ, ಇಲ್ಲಿ ಆಗುವುದೂ ಅದೇ. ರಾತ್ರಿ ಮರದಲ್ಲಿ ನೀರು ಹರಿಯದಿದ್ದಾಗ ಮೇಲಿನ ಸೂಜಿ ಬಿಸಿಯಾಗಿಯೇ ಇರುತ್ತದೆ. ಬೆಳಿಗ್ಗೆ ಬಿಸಿಲೇರಿ ಹರಿವು ಶುರುವಾದಂತೆ ಅದು ತಣ್ಣಗಾಗುತ್ತದೆ. ಎಷ್ಟು ತಣ್ಣಗಾಯಿತು ಎಂಬುದರಿಂದ ನೀರಿನ ವೇಗ ತಿಳಿಯುತ್ತದೆ.

ವೇಗ ಗೊತ್ತಾದರೆ ಸಾಲದು, ಕೊಳವೆಯ ಅಗಲವೂ ಬೇಕು. ಮರದ ನಡುವಿನ ಚೇಗಿನಲ್ಲಿ ನೀರು ಹರಿಯುವುದಿಲ್ಲ, ಅದರ ಸುತ್ತಲಿನ ಬಿಳಿಭಾಗದಲ್ಲಿ ಮಾತ್ರ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಿಳಿಭಾಗ 100 ಚದರ ಸೆಂ.ಮೀ. ಇದೆ, ನೀರು ಗಂಟೆಗೆ 10 ಸೆಂ.ಮೀ. ಏರುತ್ತಿದೆ, ದಿನಕ್ಕೆ 10 ಗಂಟೆ ಹರಿಯುತ್ತದೆ. ಮೂರನ್ನೂ ಗುಣಿಸಿದರೆ 10,000 ಘನ ಸೆಂ.ಮೀ., ಅಂದರೆ 10 ಲೀಟರ್. ಮೂರು ಮೀಟರ್ ಸಾಲಿನಲ್ಲಿ ಎರಡು ಮೀಟರಿಗೊಂದು ಮರ ಇದ್ದರೆ ಎಕರೆಗೆ ಸುಮಾರು 670 ಮರ. ಅಲ್ಲಿಗೆ ದಿನಕ್ಕೆ 6,700 ಲೀಟರ್, ಒಂದೂಮುಕ್ಕಾಲು ಟ್ಯಾಂಕರಿಗೆ ತುಸು ಕಡಿಮೆ. ವರ್ಷವಿಡೀ ಹೀಗೇ ಹರಿದರೆ 600 ಟ್ಯಾಂಕರ್. ನಮ್ಮ ಸೀಮೆಯ ಹೆಚ್ಚುಕಡಿಮೆ ಪೂರ್ತಿ ಮಳೆ! ಮರಕ್ಕೆ ಬರೀ ಹತ್ತು ಲೀಟರ್ ಎಂದರೆ ಕಡಿಮೆ ಅನಿಸುತ್ತದೆ, ತೋಪಿನ ಲೆಕ್ಕಕ್ಕೆ ಬಂದಾಗ ಹಾಗಿರುವುದಿಲ್ಲ.

ಆದರೆ ಒಂದು ದಿನದ ಅಂಕಿಯನ್ನು 365ರಿಂದ ಗುಣಿಸುವುದು ನಾನು ಈಗ ಮಾಡಿದ ಹಾಗೆ ಸುಲಭದ ತಪ್ಪು. ಅಕ್ಟೋಬರಿನ ಮರ ಬೇರೆ, ಏಪ್ರಿಲಿನ ಮರ ಬೇರೆ. ವರ್ಷಪೂರ್ತಿ ಅಳೆಯಬೇಕು, ಸಣ್ಣ ಮರ ದೊಡ್ಡ ಮರ ಎರಡಕ್ಕೂ ಸೂಜಿ ಹಾಕಬೇಕು. ಸೂಜಿ ಚುಚ್ಚಿದ ಕಡೆ ಮರಕ್ಕೆ ಗಾಯವಾಗಿ ಹರಿವು ಕುಗ್ಗುವುದೂ ಉಂಟು. ಬಳಸುವ ಸೂತ್ರವನ್ನು ಆಯಾ ಮರದ ತುಂಡಿನ ಮೇಲೆ ಸರಿನೋಡಿಕೊಳ್ಳದಿದ್ದರೆ ಅಂಕಿ ದಾರಿ ತಪ್ಪುತ್ತದೆ.

ಕಾಲುವೆಗೆ ನೀಲಿ ಸುರಿದಂತೆ

ಕರ್ನಾಟಕದಲ್ಲೇ ನಡೆದ ದೊಡ್ಡ ಅಧ್ಯಯನ ಬೇರೆಯೇ ದಾರಿ ಹಿಡಿದಿತ್ತು. 1980ರ ದಶಕದ ಕೊನೆಯಿಂದ ಇಂಗ್ಲೆಂಡಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ರಾಜ್ಯದ ಅರಣ್ಯ ಇಲಾಖೆಯ ಜೊತೆ ಸೇರಿ ಶಿವಮೊಗ್ಗ ಕಡೆಯ ಪುರದಾಳು, ದೇವಬಾಳು ಮತ್ತು ಬೆಂಗಳೂರಿನ ಪೂರ್ವಕ್ಕಿರುವ ಹೊಸಕೋಟೆಯಲ್ಲಿ ಅಳತೆ ಮಾಡಿದರು.

ಅವರು ಬಳಸಿದ್ದು ಭಾರಜಲ. ಇದು ನೀರೇ. ಆದರೆ ಅದರ ಜಲಜನಕ ಡ್ಯುಟೀರಿಯಂ ಎಂಬ ಭಾರದ ಬಗೆಯದ್ದು. ವಿಕಿರಣದ ಭಯವಿಲ್ಲ. ಹರಿಯುವ ಕಾಲುವೆಗೆ ಬಟ್ಟೆಗೆ ಹಾಕುವ ನೀಲಿ ಒಂದು ಸೀಸೆ ಸುರಿದಿರಿ ಎನ್ನಿ. ಕೆಳಗಡೆ ನಿಂತವರಿಗೆ ಬಣ್ಣ ಗಾಢವಾಗಿ ಕಂಡರೆ ಕಾಲುವೆಯಲ್ಲಿ ನೀರು ಕಡಿಮೆ, ತೆಳುವಾಗಿ ಕಂಡರೆ ನೀರು ಹೆಚ್ಚು. ಕಾಂಡದ ಬುಡದಲ್ಲಿ ತೂತು ಕೊರೆದು ಅಳೆದ ಭಾರಜಲವನ್ನು ಸೇರಿಸಿ, ಮೇಲೆ ರೆಂಬೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಚೀಲದೊಳಗೆ ಬೆವರಿದ ನೀರನ್ನು ದಿನವೂ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಭಾರಜಲ ಎಷ್ಟು ತೆಳುವಾಗಿ ಬಂತು, ಎಷ್ಟು ದಿನ ಬಂತು ಎಂಬುದರಿಂದ ಒಟ್ಟು ಹರಿವು ಸಿಕ್ಕಿತು. ಕಾಂಡ ದಪ್ಪಗಿದ್ದಷ್ಟೂ ನೀರಿನ ಬಳಕೆ ಹೆಚ್ಚುತ್ತದೆ ಎಂಬುದು ಹೀಗೆ ಅಂಕಿಗಳಲ್ಲಿ ಸ್ಪಷ್ಟವಾಯಿತು. ಆಮೇಲೆ ತೋಪಿನ ಎಲ್ಲಾ ಮರಗಳ ಸುತ್ತಳತೆ ತೆಗೆದರೆ ಇಡೀ ತೋಪಿನ ಲೆಕ್ಕ ಹಾಕಲು ಬರುತ್ತದೆ.

ಮಣ್ಣಿನ ಪಾಸ್‌ಬುಕ್

ಅದೇ ತಂಡ ಮರದ ಜೊತೆಗೆ ಮಣ್ಣನ್ನೂ ಅಳೆಯಿತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ.

ನೆಲದಲ್ಲಿ ಅಲ್ಯೂಮಿನಿಯಂ ಕೊಳವೆ ಆಳಕ್ಕೆ ಇಳಿಸಿ, ಅದರೊಳಗೆ ನ್ಯೂಟ್ರಾನ್ ಶೋಧಕ ಎಂಬ ಉಪಕರಣವನ್ನು ಒಂದೊಂದೇ ಹಂತ ಬಿಡುತ್ತಾರೆ. ಅದು ಸುತ್ತಲಿನ ಮಣ್ಣಿಗೆ ವೇಗವಾದ ನ್ಯೂಟ್ರಾನ್ ಕಣಗಳನ್ನು ಎಸೆಯುತ್ತದೆ. ಗೋಲಿ ದೊಡ್ಡ ಕಲ್ಲಿಗೆ ಬಡಿದರೆ ಅದೇ ವೇಗದಲ್ಲಿ ಚಿಮ್ಮುತ್ತದೆ, ಇನ್ನೊಂದು ಗೋಲಿಗೆ ಬಡಿದರೆ ವೇಗ ಕಳೆದುಕೊಳ್ಳುತ್ತದೆ. ನ್ಯೂಟ್ರಾನಿಗೆ ತನ್ನಷ್ಟೇ ತೂಕದ ಗೋಲಿ ಎಂದರೆ ಜಲಜನಕದ ಬೀಜ, ಅದು ಮಣ್ಣಿನಲ್ಲಿ ಇರುವುದು ಹೆಚ್ಚಾಗಿ ನೀರಿನಲ್ಲಿ. ವೇಗ ಕಳೆದುಕೊಂಡು ವಾಪಸಾದ ಕಣಗಳನ್ನು ಎಣಿಸಿದರೆ ಆ ಆಳದಲ್ಲಿ ತೇವ ಎಷ್ಟು ಎಂದು ತಿಳಿಯುತ್ತದೆ. ವಾರ, ಹದಿನೈದು ದಿನಕ್ಕೊಮ್ಮೆ ಹೀಗೆ ಓದುತ್ತಾ ಹೋದರೆ ಮಣ್ಣಿನ ಪ್ರತಿ ಪದರದ ಜಮಾ ಖರ್ಚು ಕೈಗೆ ಬರುತ್ತದೆ.

ಸುಮಾರು 3 ಮೀಟರ್ ಆಳದ ಮಣ್ಣಿದ್ದ ಕಡೆ ನೀಲಗಿರಿ ತೋಪು ವರ್ಷಕ್ಕೆ ಬಿದ್ದ ಮಳೆಯಷ್ಟನ್ನು ಬಳಸಿತು. ಹತ್ತಿರದ ಎಲೆಯುದುರುವ ಕಾಡು ಕೂಡ ಹೆಚ್ಚುಕಡಿಮೆ ಅಷ್ಟೇ ಬಳಸಿತು. ನೀಲಗಿರಿ ಮಾತ್ರ ರಾಕ್ಷಸ ಎನ್ನುವವರಿಗೆ ಇದು ರುಚಿಸದ ಅಂಕಿ. ರಾಗಿ ಹೊಲ ಬಳಸಿದ್ದು ಇದರ ಅರ್ಧದಷ್ಟು. ಆ ಅಂಕಿ ನೀಲಗಿರಿಯ ಪರ ವಾದಿಸುವವರಿಗೆ ರುಚಿಸುವುದಿಲ್ಲ. ರಾಗಿಯದು ನಾಲ್ಕು ತಿಂಗಳ ಸಂಸಾರ, ಬೇರೂ ಮೇಲೇ. ಕೊಯ್ಲಾದ ಮೇಲೆ ನೆಲದಿಂದ ಹೀರುವವರಿಲ್ಲ.

ಹೊಸಕೋಟೆಯಲ್ಲಿ ಮಣ್ಣು 8 ಮೀಟರಿಗೂ ಆಳ. ಅಲ್ಲಿ ಮೂರು ವರ್ಷಗಳಲ್ಲಿ ಬಿದ್ದ ಮಳೆ 2,100 ಮಿ.ಮೀ., ನೀಲಗಿರಿ ಬಳಸಿದ್ದು 3,400 ಮಿ.ಮೀ. ನಮ್ಮ ಭಾಷೆಯಲ್ಲಿ ಎಕರೆಗೆ 2,100 ಟ್ಯಾಂಕರ್ ಆದಾಯ, 3,400 ಟ್ಯಾಂಕರ್ ಖರ್ಚು. ಉಳಿದ 1,300 ಟ್ಯಾಂಕರ್ ಎಲ್ಲಿಂದ ಬಂತು? ಯಾವ ಯಾವ ಪದರ ಯಾವಾಗ ಒಣಗಿತು ಎಂದು ಸಸಿ ನೆಟ್ಟ ದಿನದಿಂದ ನೋಡಿದಾಗ ಗುಟ್ಟು ಬಿಚ್ಚಿಕೊಂಡಿತು. ಒಣಗುವ ಗೆರೆ ವರ್ಷಕ್ಕೆ ಎರಡೂವರೆ ಮೀಟರಿಗಿಂತ ವೇಗವಾಗಿ ಕೆಳಗಿಳಿಯುತ್ತಿತ್ತು. ಮರ ಮೇಲೆ ಬೆಳೆಯುವ ಹಾಗೇ ಬೇರು ಕೆಳಗೆ ಬೆಳೆಯುತ್ತಾ, ಎಷ್ಟೋ ವರ್ಷಗಳ ಮಳೆ ಬಿಟ್ಟುಹೋಗಿದ್ದ ತೇವವನ್ನು ಪದರ ಪದರವಾಗಿ ಖಾಲಿ ಮಾಡಿತ್ತು. ಸಂಬಳ ಸಾಲದೆ ತಾತ ಇಟ್ಟಿದ್ದ ಠೇವಣಿ ಮುರಿಸಿದ ಹಾಗೆ.

ಒಂದು ಮಾತು ಗಮನಿಸಿ. ಇಲ್ಲಿ ಮರ ಕುಡಿದದ್ದು ಮಣ್ಣಿನ ಕಣಗಳ ನಡುವೆ ಹಿಡಿದಿದ್ದ ತೇವವನ್ನು. ಬೇರು ಅಂತರ್ಜಲದ ಮಟ್ಟವನ್ನು ಮುಟ್ಟಿ ನೀರೆತ್ತಿದ್ದಕ್ಕೆ ಆ ಮೂರು ಜಾಗಗಳಲ್ಲೂ ಪುರಾವೆ ಸಿಗಲಿಲ್ಲ. ಕೆರೆ ಅಂಗಳದಂತೆ ನೀರು ಮೇಲೇ ಇರುವ ಕಡೆ ಬೇರು ನೇರವಾಗಿ ಅದಕ್ಕೇ ಇಳಿಯಬಹುದು. ಅಂಥ ಕಡೆ ಪಕ್ಕದ ತೆರೆದ ಬಾವಿಯ ಮಟ್ಟ ಹಗಲು ಸ್ವಲ್ಪ ಇಳಿದು ರಾತ್ರಿ ಚೇತರಿಸಿಕೊಳ್ಳುವುದನ್ನು ನೋಡಿಯೂ ಮರದ ಬಳಕೆಯನ್ನು ಅಂದಾಜಿಸುತ್ತಾರೆ.

ಎರಡು ಕಣಿವೆಗಳ ಪಂದ್ಯ

ಹೊಳೆಗೆ ಏನಾಯಿತು ಎಂದು ತಿಳಿಯಲು ಮರವನ್ನೂ ಮಣ್ಣನ್ನೂ ಬಿಟ್ಟು ಹಳ್ಳವನ್ನೇ ಅಳೆಯಬೇಕು. ಅಕ್ಕಪಕ್ಕದ, ಒಂದೇ ಥರದ ಎರಡು ಸಣ್ಣ ಕಣಿವೆಗಳನ್ನು ಆರಿಸಿ, ಎರಡರ ಬಾಯಲ್ಲೂ ಅಳತೆಯ ಒಡ್ಡು ಕಟ್ಟುತ್ತಾರೆ. ಕೆಲವು ವರ್ಷ ಏನೂ ಮಾಡದೆ ಎರಡರ ಹರಿವನ್ನು ಹೋಲಿಸುತ್ತಾರೆ. ಆಮೇಲೆ ಒಂದರಲ್ಲಿ ಮಾತ್ರ ಮರ ನೆಡುತ್ತಾರೆ. ಒಂದು ವರ್ಷ ಮಳೆ ಕಮ್ಮಿಯಾದರೆ ಎರಡಕ್ಕೂ ಕಮ್ಮಿ. ಆದ್ದರಿಂದ ನಂತರ ಕಂಡ ವ್ಯತ್ಯಾಸವನ್ನು ಮಳೆಯ ತಲೆಗೆ ಕಟ್ಟಲಾಗುವುದಿಲ್ಲ.

ಊಟಿ ಹತ್ತಿರದ ಗ್ಲೆನ್‌ಮಾರ್ಗನ್‌ನಲ್ಲಿ ಇಂಥ ಪ್ರಯೋಗ 1968ರಲ್ಲಿ ಶುರುವಾಯಿತು. 1972ರಲ್ಲಿ ಹುಲ್ಲುಗಾವಲಿನ ಒಂದು ಕಣಿವೆಯ 59% ಭಾಗಕ್ಕೆ ನೀಲಗಿರಿ ನೆಟ್ಟರು. ಮೊದಲ ಹತ್ತು ವರ್ಷಗಳ ಅವಧಿಯಲ್ಲಿ ಆ ಹಳ್ಳದ ನೀರು 16% ಇಳಿಯಿತು. ಮರ ಕಡಿದು, ಕಬ್ಬಿನ ಕೂಳೆಯಂತೆ ಬುಡದಿಂದ ಚಿಗುರು ಬಿಟ್ಟ ಎರಡನೇ ಸುತ್ತಿನಲ್ಲಿ ಇಳಿಕೆ ಸುಮಾರು 25%ಕ್ಕೆ ಏರಿತು. ಆ ಚಿಗುರಿಗೆ ಹೊಸದಾಗಿ ಬೇರು ಬಿಡುವ ಕೆಲಸವಿರಲಿಲ್ಲ ನೋಡಿ. ತೋಪು ಕಡಿಸಿ ಬುಡ ಬಿಟ್ಟವರು ಇದನ್ನು ನೆನಪಿಡಬೇಕು. ಬಾಬಾಬುಡನ್‌ಗಿರಿಯ ಹುಲ್ಲಿನ ನೆತ್ತಿಗಳಿಂದ ಹಳ್ಳ ಹುಟ್ಟುವುದನ್ನು ಕಂಡವರಿಗೆ ಈ ಪ್ರಯೋಗ ಹೆಚ್ಚು ವಿವರಣೆ ಬೇಡುವುದಿಲ್ಲ. ಆದರೆ ಊಟಿಯ ನೀಲಗಿರಿ ಬೇರೆ ಜಾತಿ, ಅಲ್ಲಿನ ಮಳೆ ನಮ್ಮ ಬಯಲಿನ ಎರಡರಷ್ಟು. ಅಂಕಿಯನ್ನು ಹಾಗೇ ಕಡೂರಿಗೆ ಹೊತ್ತು ತರುವಂತಿಲ್ಲ.

ಗೋಪುರ, ಉಪಗ್ರಹ

ಮರಗಳ ತಲೆಯ ಮೇಲೆ ಗೋಪುರ ಕಟ್ಟಿ, ಗಾಳಿಯ ಏರಿಳಿತ ಮತ್ತು ಅದರ ತೇವವನ್ನು ಸೆಕೆಂಡಿಗೆ ಹತ್ತಿಪ್ಪತ್ತು ಸಲ ಅಳೆಯುವ ವಿಧಾನವೂ ಇದೆ. ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ನಿಂತು ಒಳಗೆ ಹೋದವರು, ಹೊರಗೆ ಬಂದವರನ್ನು ಎಣಿಸಿದ ಹಾಗೆ. ಇದಕ್ಕೆ ವಿಶಾಲವಾದ, ಒಂದೇ ಥರದ ತೋಪು ಬೇಕು. ಎರಡೆಕರೆ ನೀಲಗಿರಿ, ಪಕ್ಕದಲ್ಲಿ ತೆಂಗು, ಅದರ ಪಕ್ಕ ರಾಗಿ ಇರುವ ನಮ್ಮ ಕಡೆ ಯಾರ ಆವಿ ಯಾರದು ಎಂದು ಹೇಳಲಾಗದು.

ಉಪಗ್ರಹ ನೋಡುವುದು ಎಲೆಯ ಬಿಸಿಯನ್ನು. ಮಣ್ಣಿನ ಹೂಜಿ ಬೆವರಿ ತಣ್ಣಗಾಗುವಂತೆ ನೀರು ಬಿಡುತ್ತಿರುವ ತೋಪು ಸುತ್ತಲಿಗಿಂತ ತಂಪಾಗಿ ಕಾಣುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಶಾಖಚಿತ್ರದ ಒಂದು ಚುಕ್ಕಿ ನೂರು ಮೀಟರ್ ಅಗಲ, ಹೆಚ್ಚುಕಡಿಮೆ ಎರಡೂವರೆ ಎಕರೆ. ತಾಲ್ಲೂಕಿನ ಲೆಕ್ಕಕ್ಕೆ ಒಳ್ಳೆಯದು, ಅಣ್ಣನ ಮೂರೆಕರೆಗೆ ಒರಟು.

ಹಾಗಾದರೆ ಅಣ್ಣನ ಬೋರು?

ನಮ್ಮ ಕಡೆ ಬೋರು ನೂರಾರು ಅಡಿ ಆಳದ ಬಂಡೆಯ ಬಿರುಕಿನಿಂದ ನೀರು ತರುತ್ತದೆ. ನೀಲಗಿರಿಯ ಬೇರು ಅಷ್ಟು ಆಳಕ್ಕೆ ಹೋಗಿ ಅವನ ಬೋರಿಗೆ ಬಾಯಿ ಹಾಕಿರಲಿಲ್ಲ. ಅದು ಮಾಡಿದ್ದು ಬಾಗಿಲಲ್ಲೇ ನಿಂತು ತಡೆಯುವ ಕೆಲಸ. ಮೇಲಿನಿಂದ ಇಳಿಯಬೇಕಾದ ಮಳೆನೀರನ್ನು ಇಪ್ಪತ್ತು ವರ್ಷ ದಾರಿಯಲ್ಲೇ ಹಿಡಿದುಕೊಂಡಿತು, ದಾರಿಯ ಮಣ್ಣನ್ನೂ ಒಣಗಿಸಿತು.

ಈಗ ತೋಪು ಹೋಗಿದೆ, ಒಣಗಿದ ಮಣ್ಣು ಅಲ್ಲೇ ಇದೆ. ರಾಗಿ ಬಳಸಿ ಮಿಕ್ಕ ಮಳೆ ಕೆಳಗಿಳಿದಾಗ ಮೊದಲು ತೇವವಾಗುವುದು ಆ ಮಣ್ಣು. ಒಣ ಬಟ್ಟೆಯ ಮೇಲೆ ಲೋಟ ನೀರು ಸುರಿದರೆ ಬಟ್ಟೆ ನೆನೆದು ಮುಗಿಯುವ ತನಕ ಕೆಳಗೆ ತೊಟ್ಟಿಕ್ಕುವುದಿಲ್ಲ. ಹೊಸಕೋಟೆಯಂತೆ 1,300 ಟ್ಯಾಂಕರ್ ಸಾಲವಿದ್ದು, ವರ್ಷಕ್ಕೆ 100 ಟ್ಯಾಂಕರ್ ಕೆಳಗಿಳಿಯುತ್ತದೆ ಎಂದುಕೊಂಡರೆ ಸಾಲ ತೀರಲು ಹದಿಮೂರು ವರ್ಷ. ಮೂರು ಮೀಟರಿಗೇ ಬಂಡೆ ಸಿಗುವ ನೆಲವಾದರೆ ಸಾಲ ಚಿಕ್ಕದು, ಬೇಗ ತೀರುತ್ತದೆ. ಅದರ ಮೇಲೆ ಸುತ್ತಲ ತೆಂಗಿನ ತೋಟಗಳ ಬೋರುಗಳು ಅದೇ ಬಿರುಕಿನಿಂದ ಎತ್ತುತ್ತಿದ್ದರೆ ಅವನ ಪಾಲಿಗೆ ಬರುವುದು ಇನ್ನೂ ತಡ. ಪಕ್ಕದೂರಿನಲ್ಲಿ ತೋಪು ತೆಗೆದ ಮಾರನೇ ವರ್ಷವೇ ನೀರು ಬಂತೆಂದರೆ ಆ ವರ್ಷ ಕೆರೆ ತುಂಬಿತ್ತೇ, ಮಳೆ ಚೆನ್ನಾಗಿತ್ತೇ ಎಂದೂ ಕೇಳಬೇಕು.

ಅಣ್ಣನಿಗೆ ಇಷ್ಟನ್ನೂ ಹೇಳಿ, ನಿನ್ನ ಹೊಲದಲ್ಲಿ ಮಣ್ಣು ಎಷ್ಟು ಆಳ ಎಂದು ಕೇಳಿದೆ. ಗೊತ್ತಿಲ್ಲ ಎಂದ. ಬೋರು ಕೊರೆದಾಗ ಕೇಸಿಂಗ್ ಪೈಪ್ ಎಷ್ಟಡಿ ಇಳಿಸಿದ್ದರು? ಗಟ್ಟಿ ಬಂಡೆ ಸಿಗುವ ತನಕ ಕೇಸಿಂಗ್ ಇಳಿಸುತ್ತಾರಾದ್ದರಿಂದ ಮೇಲಿನ ಮಣ್ಣು, ಕೊಳೆತ ಕಲ್ಲಿನ ಆಳಕ್ಕೆ ಅದೇ ಅಂದಾಜು. ಇನ್ನೊಂದು ಕೆಲಸವನ್ನೂ ಹೇಳಿದೆ. ಪಕ್ಕದ ಹೊಲದವರ ತೋಪು ಇನ್ನೂ ನಿಂತಿದೆಯಲ್ಲ. ಹಿಂಗಾರು ಮುಗಿದ ಮೇಲೆ ಅಲ್ಲೊಂದು, ನಿನ್ನ ರಾಗಿ ಹೊಲದಲ್ಲೊಂದು ಗುಂಡಿ ತೋಡಿಸಿ, ತೇವ ಎಷ್ಟಡಿ ತನಕ ಇಳಿದಿದೆ ಎಂದು ಮಣ್ಣು ಹಿಡಿದು ನೋಡು, ಬರೆದಿಡು, ಮುಂದಿನ ವರ್ಷ ಮತ್ತೆ ನೋಡು.

"ಅರವತ್ತಡಿ ಕೇಸಿಂಗ್ ಅಂತ ದುಡ್ಡು ಕೊಟ್ಟಿದ್ ನೆನಪು," ಎಂದು ಬಿಲ್ಲು ಹುಡುಕಲು ಒಳಗೆ ಎದ್ದು ಹೋದ.